ಅಲ್ಲಿ ತಲೆಸುಂಕ, ಇಲ್ಲಿ ಗೇರುಗುಡ್ಡೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಬರೇ ಜಾಗದ ಹುಟ್ಟುವಳಿಯಲ್ಲಿ ನಡೆಯುವ ಸಣ್ಣ ಕೃಷಿಕರ ಮನೆ ಕಡಿಮೆ. ಒಬ್ಬರು ಬೀಡಿ ಕಟ್ಟುತ್ತಾರೆ, ಒಬ್ಬರು ಪೇಟೆಗೆ ಕೆಲಸಕ್ಕೆ ಹೋಗುತ್ತಾರೆ, ಇನ್ನೊಬ್ಬ ಗಲ್ಫಿನಲ್ಲಿರುತ್ತಾನೆ. ಬಾವಿ, ಪಂಪುಸೆಟ್ಟು, ತಾರಸಿ ಮನೆ, ತಂಗಿಯ ಮದುವೆ ಎಲ್ಲ ಗಲ್ಫಿನ ಹಣದಲ್ಲೇ ಆದ ಮನೆಗಳು ನಮ್ಮಲ್ಲಿ ಬೇಕಾದಷ್ಟು ಉಂಟು. ಆದರೆ ಆ ಹಣ ಎಷ್ಟು ವರ್ಷ ಬರುತ್ತದೆ ಎಂಬುದು ದುಡಿಯುವವನ ರಟ್ಟೆಬಲದ ಮೇಲೆ ಮಾತ್ರ ನಿಂತಿಲ್ಲ. ಅಲ್ಲಿನ ಸರಕಾರದ ಕಾನೂನಿನ ಮೇಲೂ ನಿಂತಿದೆ. ನಾನು ಓದಿದ್ದು ಏಳನೇ ಕ್ಲಾಸು, ನೀರಿಲ್ಲದ ಗುಡ್ಡೆಯಲ್ಲಿ ಗೇರು ಬೆಳೆಸುವವ. ಹಾಗಾಗಿ ಇಲ್ಲಿರುವುದು ಕೂಡಿಸುವ, ಗುಣಿಸುವ ಲೆಕ್ಕ ಮಾತ್ರ.

ಕಾನೂನು ಬದಲಾದ ಬಗೆ

ಸೌದಿ ಅರೇಬಿಯದ ಉದಾಹರಣೆಯನ್ನೇ ನೋಡುವ. ಅಲ್ಲಿನ ಯುವಕರಿಗೆ ಕೆಲಸ ಸಿಗಬೇಕು ಅಂತ 2011ರಲ್ಲಿ 'ನಿತಾಖತ್' ಎಂಬ ಕ್ರಮ ತಂದರು. ಎಷ್ಟು ಮಂದಿ ಸೌದಿಯವರಿಗೆ ಕೆಲಸ ಕೊಟ್ಟಿದ್ದಾರೆ ಎಂದು ನೋಡಿ ಕಂಪೆನಿಗಳಿಗೆ ಹಸಿರು, ಹಳದಿ, ಕೆಂಪು ಅಂತ ಬಣ್ಣ ಹಚ್ಚಿದರು. ಕೆಂಪು ಬಣ್ಣ ಬಿದ್ದ ಕಂಪೆನಿಗೆ ತನ್ನ ಹೊರದೇಶದ ಕೆಲಸಗಾರರ ಪರವಾನಗಿ ನವೀಕರಿಸಲಿಕ್ಕೆ ಆಗುವುದಿಲ್ಲ. ಕಾಗದಪತ್ರ ಸರಿ ಇಲ್ಲದವರಿಗೆ 2013ರ ನವೆಂಬರ್ 3ರ ತನಕ ಸಮಯ ಕೊಟ್ಟರು. ಅದು ಮುಗಿದ ಮೇಲೆ ಹಿಡಿಯಲು ಸುರುಮಾಡಿದರು.

ಆಮೇಲೆ ಕಾನೂನು ಅಂಗಡಿಗಳಿಗೇ ಬಂತು. 2016ರಲ್ಲಿ ಮೊಬೈಲು ಮಾರುವ, ರಿಪೇರಿ ಮಾಡುವ ಕೆಲಸ ಪೂರ್ತಿ ಸೌದಿಯವರಿಗೇ ಎಂದಾಯಿತು. 2018ರ ಸೆಪ್ಟೆಂಬರಿನಿಂದ ಮೂರು ಹಂತದಲ್ಲಿ 12 ಬಗೆಯ ಅಂಗಡಿಗಳಲ್ಲಿ ನೂರಕ್ಕೆ 70 ಕೆಲಸ ಅಲ್ಲಿಯವರಿಗೆ ಎಂದು ಮಾಡಿದರು. ಮೊದಲ ಹಂತದಲ್ಲೇ ಸಿದ್ಧ ಉಡುಪು, ಪಾತ್ರೆ, ಪೀಠೋಪಕರಣದ ಅಂಗಡಿಗಳು ಸೇರಿದವು.

ತಲೆಸುಂಕದ ಲೆಕ್ಕ

ಎಲ್ಲಕ್ಕಿಂತ ಹೆಚ್ಚು ಹೊಡೆತ ಕೊಟ್ಟದ್ದು ಸುಂಕ. ಸೌದಿಯವರಿಗಿಂತ ಹೊರಗಿನವರೇ ಹೆಚ್ಚಿರುವ ಸಂಸ್ಥೆ ಒಬ್ಬೊಬ್ಬ ಹೊರಗಿನವನಿಗೆ ತಿಂಗಳಿಗೆ 2018ರಲ್ಲಿ 400, 2019ರಲ್ಲಿ 600, 2020ರಲ್ಲಿ 800 ರಿಯಾಲ್ ಕಟ್ಟಬೇಕಾಯಿತು. ಹೊರಗಿನ 10 ಮಂದಿ ದುಡಿಯುವ ಅಂಗಡಿಯ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಮೊದಲು 48,000, ಮತ್ತೆ 72,000, ಕೊನೆಗೆ 96,000 ರಿಯಾಲ್. ರಿಯಾಲಿಗೆ 20 ರೂಪಾಯಿ ಹಿಡಿದರೂ 19 ಲಕ್ಷದ 20 ಸಾವಿರ. ಇಷ್ಟು ಕಟ್ಟಿ ಲಾಭ ಉಳಿಯಬೇಕು. ದೊಡ್ಡವರು ತಡೆದುಕೊಂಡರು, ಸಣ್ಣವರಲ್ಲಿ ತುಂಬ ಮಂದಿ ಜನ ಕಡಿಮೆ ಮಾಡಿದರು, ಇಲ್ಲವೇ ಬಾಗಿಲು ಹಾಕಿದರು. ಕಾರ್ಖಾನೆಗಳಿಗೆ ಕಷ್ಟ ಆದದ್ದು ಅಲ್ಲಿನ ಸರಕಾರಕ್ಕೇ ಗೊತ್ತಾಗಿ, 2019ರಲ್ಲಿ ಅವುಗಳ ಸುಂಕವನ್ನು ತಾನೇ ವಹಿಸಿಕೊಂಡಿತು. ಅಂಗಡಿಗಳಿಗೆ ಆ ರಿಯಾಯಿತಿ ಸಿಗಲಿಲ್ಲ.

ಸಂಸಾರಕ್ಕೂ ಸುಂಕ ಬಂತು. 2017ರ ಜುಲೈಯಿಂದ ಹೆಂಡತಿ, ಮಕ್ಕಳು ಅಂತ ತಲೆಗೆ ತಿಂಗಳಿಗೆ 100 ರಿಯಾಲ್. ವರ್ಷ ವರ್ಷ 100 ಏರಿ 2020ಕ್ಕೆ 400 ಆಯಿತು. ಅದನ್ನೂ ವಾಸದ ಪರವಾನಗಿ ನವೀಕರಿಸುವಾಗ ಮುಂಗಡ ಕಟ್ಟಬೇಕು.

ನನ್ನ ತಮ್ಮ ದಮ್ಮಾಮಿನಲ್ಲಿ ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಿದ್ದ. ಸಂಬಳ 4,000 ರಿಯಾಲ್. ಹೆಂಡತಿ, ಇಬ್ಬರು ಮಕ್ಕಳು ಜೊತೆಗಿದ್ದರು. 400ರ ದರದಲ್ಲಿ ಮೂರು ತಲೆಗೆ ತಿಂಗಳಿಗೆ 1,200, ಅಂದರೆ ಸಂಬಳದ ನೂರಕ್ಕೆ 30. ದರ ಅಲ್ಲಿಗೆ ಮುಟ್ಟುವ ಮೊದಲೇ, 2018ರಲ್ಲಿ, ಸಂಸಾರವನ್ನು ಊರಿಗೆ ಕಳಿಸಿದ. ಮಾರನೇ ವರ್ಷ ಅಂಗಡಿಯೇ ಮುಚ್ಚಿತು, ಅವನೂ ಬಂದ. ಅವನು ಕಟ್ಟಿಸುತ್ತಿದ್ದ ಮನೆ ಮುರಕಲ್ಲಿನ ಗೋಡೆಯವರೆಗೆ ಎದ್ದು ಮೂರು ಮಳೆಗಾಲ ಹಾಗೆಯೇ ನೆನೆಯಿತು. ಮೇಸ್ತ್ರಿಗೆ ಕೆಲಸ ಹೋಯಿತು, ಸಿಮೆಂಟಿನ ಅಂಗಡಿಯವರಿಗೆ ವ್ಯಾಪಾರ ಹೋಯಿತು. ಅಲ್ಲಿಯ ಸುಂಕ ನಮ್ಮ ಪೇಟೆಗೆ ಬರುವುದು ಈ ದಾರಿಯಲ್ಲಿ.

ಈಗ ಮನೆಯಲ್ಲಿ ಎದ್ದ ಮಾತು

ತಮ್ಮನ ದೊಡ್ಡ ಮಗ ಪಿಯುಸಿ ಮುಗಿಸಿದ್ದಾನೆ. "ದೊಡ್ಡಪ್ಪ, ಗುಡ್ಡೆಯ 60 ಸೆಂಟ್ಸ್ ಕೊಟ್ಟು ಅಲ್ಲಿ ಒಂದು ದಿನಸಿ ಅಂಗಡಿಯಲ್ಲಿ ಪಾಲು ತೆಗೆದುಕೊಳ್ಳುವ" ಅಂತಾನೆ. ಜಾಗ ತಮ್ಮನ ಪಾಲಿನದು, ಕೃಷಿ ನೋಡಿಕೊಳ್ಳುವವ ನಾನು. ಅಂಗಡಿ ಸೌದಿಯವನ ಹೆಸರಲ್ಲಿ, ದುಡ್ಡು ನಮ್ಮವರದ್ದು, ಪಾಲು ಬಾಯಿಮಾತಿನದ್ದು.

ಹಿಂದೆ ಹೀಗೆ ಎಷ್ಟೋ ಅಂಗಡಿ ನಡೆದಿವೆ. ಆದರೆ ಇಂಥ ಬೇನಾಮಿ ವ್ಯಾಪಾರದ ವಿರುದ್ಧ ಸೌದಿ ಸರಕಾರ 2020ರಲ್ಲಿ ಹೊಸ ಕಾನೂನು ಮಾಡಿತು. ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲಿನವರೆಗೆ ದಂಡ, ಮೇಲಿಂದ ಗಡೀಪಾರು. ಸರಿಮಾಡಿಕೊಳ್ಳಲು ಕೊಟ್ಟ ಅವಧಿ 2022ರ ಫೆಬ್ರವರಿಗೆ ಮುಗಿದಿದೆ. ಪಾಲುದಾರ ಕೈ ಎತ್ತಿದರೆ ದೂರು ಕೊಡುವ ಹಾಗೂ ಇಲ್ಲ. ಕೊಟ್ಟರೆ ಮೊದಲು ಸಿಕ್ಕಿಬೀಳುವವನು ನಮ್ಮವನೇ.

ಇತ್ತ 60 ಸೆಂಟ್ಸಿನಲ್ಲಿ 40 ಗೇರು ಮರ. ಮರಕ್ಕೆ 6 ಕಿಲೋದಂತೆ 240 ಕಿಲೋ. ಕಿಲೋಗೆ 110 ಹಿಡಿದರೆ 26,400. ಕಾಡು ಸವರುವುದು, ಗೊಬ್ಬರ, ಮದ್ದು, ಹೆಕ್ಕುವ ಕೂಲಿ ಸೇರಿ 8,000 ಕಳೆದರೆ ಉಳಿಯುವುದು 18,400. ಹೂ ಬಿಡುವಾಗ ಮೋಡ ಕಟ್ಟಿದರೆ, ಟೀ ಸೊಳ್ಳೆ ಬಿದ್ದರೆ ಅದೂ ಇಲ್ಲ. ಇದರಲ್ಲಿ ಹುಡುಗನ ಜೀವನ ಸಾಗದು ಎಂಬುದು ನನಗೂ ಗೊತ್ತುಂಟು. ಆದರೆ ಒಂದು ವರ್ಷ ಫಸಲು ಹೋದರೂ ಮರ ಅಲ್ಲೇ ಇರುತ್ತದೆ. ಮಾರಿದ ಜಾಗ ಬರುವುದಿಲ್ಲ.

ಹಾಗಾಗಿ ನಾನು ಹೇಳಿದ್ದು ಇಷ್ಟೇ: ಹೋಗುವುದಾದರೆ ಕೆಲಸಕ್ಕೆ ಹೋಗು, ಜಾಗ ಮಾರಿ ಪಾಲಿಗೆ ಹೋಗಬೇಡ. ತಮ್ಮ ಒಪ್ಪಿದ್ದಾನೆ. ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ.

ಹೋಗುವ ಮೊದಲು ನೋಡಬೇಕಾದ್ದು

1. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಸಿಆರ್ ಗುರುತು ಬೀಳುತ್ತದೆ. ಅಂಥವರು ಸೌದಿ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ನಮ್ಮ ಸರಕಾರದ ವಲಸೆ ಅನುಮತಿ ಬೇಕು. ಸಂದರ್ಶನ ವೀಸಾದಲ್ಲಿ ಕೆಲಸಕ್ಕೆ ಹೋಗಲೇಬೇಡಿ.

2. ಏಜೆಂಟರು ಸರಕಾರದಲ್ಲಿ ನೋಂದಾಯಿಸಿದವರಾ ಎಂದು 'ಇಮೈಗ್ರೇಟ್' ಜಾಲತಾಣದಲ್ಲಿ ನೋಡಿ. ನಿಯಮದ ಪ್ರಕಾರ ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ತೆರಿಗೆ. ರಶೀದಿ ಕೇಳಿ ಪಡೆಯಿರಿ.

3. ಕರಾರುಪತ್ರದಲ್ಲಿ ಸಂಬಳ, ಕೆಲಸದ ಹೆಸರು, ಪರವಾನಗಿಯ ಖರ್ಚು ಯಾರದ್ದು ಎಂಬುದು ಇರಲಿ. ಆ ಕೆಲಸ ಅಲ್ಲಿಯವರಿಗೆ ಮೀಸಲಾಗಿದೆಯಾ ಎಂದು ಹೋಗುವ ಮೊದಲೇ ವಿಚಾರಿಸಿ.

4. ಅಲ್ಲಿಯ ಹಣ ಖಾಯಂ ಬರುತ್ತದೆ ಎಂದು ನಂಬಿ ಇಲ್ಲಿ ಹತ್ತು ವರ್ಷದ ಸಾಲ ಮಾಡಬೇಡಿ. ಮಳೆ ನಂಬಿದ ಬೆಳೆಗೆ ನಾವು ಎಷ್ಟು ಸಾಲ ಮಾಡುತ್ತೇವೋ ಅದಕ್ಕೂ ಅಷ್ಟೇ ಸಾಕು.

5. ಬಂದ ಹಣದಲ್ಲಿ ಸ್ವಲ್ಪವಾದರೂ ಜಾಗಕ್ಕೆ ಹಾಕಿ. ಇಂಗುಗುಂಡಿ, ಕಸಿ ಗಿಡ, ಬೇಲಿ, ಯಾವುದಾದರೂ ಸರಿ. ವಾಪಸು ಬಂದವನಿಗೆ ನಾಳೆ ಬೆಳಿಗ್ಗೆ ಮಾಡಲಿಕ್ಕೆ ಒಂದು ಕೆಲಸ ಇರಬೇಕು.