ಸರ್ಪಸುತ್ತಲ್ಲದ ಹರ್ಪಿಸ್

ಹರ್ಪಿಸ್ ಎಂದರೆ ಚನ್ನಗಿರಿ, ಹೊನ್ನಾಳಿ ಸೀಮೆಯಲ್ಲಿ ಜನರಿಗೆ ಹೊಳೆಯುವುದು ಸರ್ಪಸುತ್ತು. ಜಾಜು ಹಚ್ಚಿಸಿ, ನಾಗಪ್ಪನಿಗೆ ಹರಕೆ ಹೊತ್ತು ವಾಸಿಯಾಗಲಿ ಎಂದು ಕಾಯುವ ಕಾಯಿಲೆ ಅದು. ಅದನ್ನು ತರುವುದು ಚಿಕನ್‌ಪಾಕ್ಸ್‌ನ ವೈರಸ್. ನನ್ನ ಮೈಯಲ್ಲಿರುವುದು ಬೇರೆ: ಹರ್ಪಿಸ್ ಸಿಂಪ್ಲೆಕ್ಸ್. ಸೊಂಟದ ಕೆಳಗಿನ ನರಗಂಟುಗಳಲ್ಲಿ ಮಲಗಿದ್ದು, ಆಗಾಗ ಎದ್ದು ಗುಪ್ತಾಂಗದ ಸುತ್ತ ಹೆಚ್ಚುಕಡಿಮೆ ಅದೇ ಜಾಗದಲ್ಲಿ ನೀರುಗುಳ್ಳೆ ಏಳಿಸಿ ಮತ್ತೆ ಮಲಗುವಂಥದ್ದು. ಇದಕ್ಕೆ ನಮ್ಮಲ್ಲಿ ಹೆಸರೇ ಇಲ್ಲ. ಮನೆಯಲ್ಲಿ ‘ಉಷ್ಣ ಆಗಿದೆ’ ಅಂತಾರೆ, ಬಸ್ ನಿಲ್ದಾಣದ ಗೋಡೆಯ ಮೇಲಿನ ಪೋಸ್ಟರು ‘ಗುಪ್ತರೋಗ’ ಅನ್ನುತ್ತದೆ. ಹೆಸರಿನ ಈ ಗೊಂದಲವನ್ನು ನಕ್ಕು ಬಿಡುವ ಹಾಗಿಲ್ಲ. ಚಿಕ್ಕ ವಯಸ್ಸಿನವರಿಗೆ ಸರ್ಪಸುತ್ತು ಬಂದರೆ ರೋಗನಿರೋಧಕ ಶಕ್ತಿ ಕುಗ್ಗಿರಬಹುದೆಂದು ವೈದ್ಯರು ಎಚ್‌ಐವಿ ಪರೀಕ್ಷೆ ಬರೆಯುವುದುಂಟು. ಆ ಸಂಶಯ ಹೆಸರಿನ ಜೊತೆಗೇ ಬಂದು ನಮ್ಮಂಥವರ ಹೆಗಲೇರುತ್ತದೆ. ಪ್ರತಿ ಸಲ ಗುಳ್ಳೆ ಎದ್ದಾಗಲೂ ‘ದೊಡ್ಡ ಕಾಯಿಲೆ’ ಬಂತೇನೋ ಎಂಬ ದಿಗಿಲು.

ಈ ದಿಗಿಲು ತಪ್ಪು ಲೆಕ್ಕದಿಂದ ಹುಟ್ಟುವುದು ಎಂಬುದು ನಾನು ನಿಧಾನವಾಗಿ ಕಲಿತ ಪಾಠ. ಗುಳ್ಳೆ ಮರಳುವುದು ಎಚ್‌ಐವಿಯ ಲಕ್ಷಣವಲ್ಲ, ಈ ವೈರಸ್ಸಿನ ಜಾಯಮಾನ. ಇದರ ಎರಡು ಬಗೆಗಳಲ್ಲಿ ಎರಡನೆಯದಾದರೆ ಮೊದಲ ವರ್ಷ ಸರಾಸರಿ ನಾಲ್ಕು ಸಲ ಮರಳುವುದು ಸಾಮಾನ್ಯ, ಆಮೇಲೆ ಕಡಿಮೆಯಾಗುತ್ತ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 15ರಿಂದ 49ರ ವಯಸ್ಸಿನ ಸುಮಾರು 52 ಕೋಟಿ ಜನರಲ್ಲಿ ಈ ಎರಡನೇ ಬಗೆ ಇದೆ. ಇವರಲ್ಲಿ ಬಹುಪಾಲು ಜನರಿಗೆ ಎಚ್‌ಐವಿ ಇಲ್ಲ. ಒಂದೇ ಹುಣ್ಣು ತಿಂಗಳು ಮೀರಿದರೂ ಮಾಯದಿದ್ದರೆ ಮಾತು ಬೇರೆ. ಅದು ನಿರೋಧಕ ಶಕ್ತಿ ಕುಸಿದಿರುವುದರ ಸೂಚನೆ ಇರಬಹುದು, ತಡಮಾಡದೆ ಪರೀಕ್ಷಿಸಿಕೊಳ್ಳಬೇಕು. ವಾರ, ಹತ್ತು ದಿನದಲ್ಲಿ ಒಣಗುವ ಗುಳ್ಳೆಗೆ ಆ ಅರ್ಥವಿಲ್ಲ.

ಹಾಗಾದರೆ ಈ ಎರಡನೇ ಬಗೆಯ ಹರ್ಪಿಸ್ ಇದ್ದವರಿಗೆ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಮೂರು ಪಟ್ಟು ಎಂದು ಅದೇ ಸಂಸ್ಥೆ ಹೇಳುತ್ತದಲ್ಲ ಎಂದು ಕೇಳಬಹುದು. ನಿಜ. ಪುಣೆಯ ಲೈಂಗಿಕ ರೋಗ ಚಿಕಿತ್ಸಾಲಯಗಳಿಗೆ ಬಂದವರ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಹರ್ಪಿಸ್ ಹೊಸದಾಗಿ ತಗಲಿದ ಹೊತ್ತಿನಲ್ಲೇ ಅಪಾಯ ಹೆಚ್ಚೆಂದು ಅದು ತೋರಿಸಿತು. ಚರ್ಮ ಬಿರಿದ ಜಾಗ ಎಚ್‌ಐವಿಗೆ ತೆರೆದ ಬಾಗಿಲು. ಎಚ್‌ಐವಿ ಹುಡುಕುವ ಬಿಳಿ ರಕ್ತಕಣಗಳೂ ಅಲ್ಲೇ ಬಂದು ಜಮೆಯಾಗಿರುತ್ತವೆ, ಗಾಯ ಮಾಯ್ದು ವಾರಗಟ್ಟಲೆ ಕಳೆದರೂ ಕದಲುವುದಿಲ್ಲ. ಆದರೆ ಮೂರು ಪಟ್ಟು ಎಂದರೆ ಯಾವುದರ ಮೂರು ಪಟ್ಟು? ಬಾಗಿಲು ತೆರೆದಿದ್ದರೂ ಬರುವವರು ಇರಬೇಕಲ್ಲ. ಎಚ್‌ಐವಿ ಇರುವ, ಚಿಕಿತ್ಸೆಯಲ್ಲಿಲ್ಲದ ವ್ಯಕ್ತಿಯ ಸಂಪರ್ಕವೇ ಆಗದಿದ್ದರೆ ಸೊನ್ನೆಯನ್ನು ಮೂರರಿಂದ ಗುಣಿಸಿದಂತೆ. ಹಾಗಾಗಿ ನಾವು ಎಣಿಸಬೇಕಾದದ್ದು ಗುಳ್ಳೆ ಎದ್ದ ದಿನಗಳನ್ನಲ್ಲ, ಕಾಂಡೋಮ್ ಇಲ್ಲದ ಸಂಪರ್ಕದ ದಿನಗಳನ್ನು. ಅಂಥ ಸಂಪರ್ಕವಾಗಿದ್ದರೆ 72 ಗಂಟೆಯೊಳಗೆ ತಡೆ ಔಷಧಿ ಕೇಳಬಹುದು. ಆ ಹೊತ್ತು ದಾಟಿದ್ದರೆ ಮೂರು ತಿಂಗಳಾದ ಮೇಲಿನ ಪರೀಕ್ಷೆಯ ಉತ್ತರವನ್ನು ನಂಬಬೇಕು, ನಂಬಿ ಸುಮ್ಮನಾಗಬೇಕು. ಸುಮ್ಮನಾಗುವುದೇ ಕಷ್ಟ, ಅದು ನನಗೆ ಗೊತ್ತು.

ಹರ್ಪಿಸ್ ಅಡಗಿಸುವ ಅಸೈಕ್ಲೋವಿರ್ ಗುಳಿಗೆಯನ್ನು ದಿನಾ ನುಂಗಿದರೆ ಎರಡೂ ಭಯ ತೀರಬಹುದಲ್ಲ ಎಂಬುದು ಇನ್ನೊಂದು ವಾದ. ಗುಳ್ಳೆಗಳೇನೋ ಕಡಿಮೆಯಾಗುತ್ತವೆ. ಆದರೆ ಈ ಗುಳಿಗೆಯಿಂದ ಎಚ್‌ಐವಿ ತಗಲುವುದು ತಪ್ಪುತ್ತದೆಯೇ ಎಂದು ಹಲವು ದೇಶಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲ 2008ರಲ್ಲಿ ಬಂತು, ಉತ್ತರ ಇಲ್ಲ ಎಂದೇ. ಗುಳಿಗೆ ಗುಳಿಗೆಯ ಕೆಲಸ ಮಾಡುತ್ತದೆ, ಕಾಂಡೋಮಿನ ಕೆಲಸವನ್ನಲ್ಲ. ಖಾಸಗಿ ಲ್ಯಾಬುಗಳು ಮಾಡಿಕೊಡುವ ಹರ್ಪಿಸ್ ಐಜಿಎಂ ರಕ್ತಪರೀಕ್ಷೆಯ ಬಗ್ಗೆಯೂ ಒಂದು ಮಾತು: ಸೋಂಕು ಹೊಸದೋ ಹಳೆಯದೋ ಎಂದು ಅದು ಖಚಿತವಾಗಿ ಹೇಳಲಾರದು. ದುಡ್ಡು ದಂಡ. ಗುಳ್ಳೆ ಹಸಿಯಿರುವಾಗಲೇ ಅದರಿಂದ ಸ್ವಾಬ್ ತೆಗೆಸುವುದು ಸರಿಯಾದ ದಾರಿ.

ಪರೀಕ್ಷೆಗೆ, ಚಿಕಿತ್ಸೆಗೆ ಹೋಗಿ ಎಂಬುದಕ್ಕೆ ಗಟ್ಟಿಯಾದ ಆಕ್ಷೇಪವೊಂದು ಉಳಿಯಿತು. ಜಗಳೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ನಮ್ಮ ಬೀದಿಯವರೇ ಆಗಿದ್ದರೆ? ನ್ಯಾಮತಿಯಿಂದ ಹೊನ್ನಾಳಿಗೆ ಹೋದರೂ ಬಸ್ಸಿನಲ್ಲಿ ನೆಂಟರು ಸಿಕ್ಕರೆ? ಈ ಅಂಜಿಕೆಯನ್ನು ಹುಸಿ ಎಂದು ನಾನು ಹೇಳಲಾರೆ. 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯಂತೆ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಹೊರಗೆ ಹೇಳುವಂತಿಲ್ಲ. ಆದರೆ ಊರಿನ ಬಾಯಿಗೆ ಕಾಯ್ದೆ ಬೀಗ ಹಾಕದು. ಹಾಗಾಗಿ ಊರು ಬಿಟ್ಟು ಹೋಗುವುದರಲ್ಲಿ ನಾಚಿಕೆಯೇನಿಲ್ಲ: ಜಗಳೂರಿನವರಿಗೆ ದಾವಣಗೆರೆಯ ಚಿಗಟೇರಿ ಆಸ್ಪತ್ರೆ, ನ್ಯಾಮತಿ, ಚನ್ನಗಿರಿಯವರಿಗೆ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಇದೆ. ಪೋಸ್ಟರು ನಂಬಿ ಲಾಡ್ಜಿನಲ್ಲಿ ಕೂತ ‘ಡಾಕ್ಟರ’ ಹತ್ತಿರ ಮಾತ್ರ ಹೋಗಬೇಡಿ. ಸರ್ಕಾರಿ ಸುರಕ್ಷಾ ಕ್ಲಿನಿಕ್‌ನಲ್ಲಿ ಈ ಗುಳ್ಳೆಗೆ ಕೊಡುವ ಗುಳಿಗೆಯ ಕೆಂಪು ಕಿಟ್ ಉಚಿತ, ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರವಾದ ಐಸಿಟಿಸಿಯಲ್ಲಿ ಎಚ್‌ಐವಿ ಪರೀಕ್ಷೆಯೂ ಉಚಿತ. ಮುಖ ತೋರಿಸದೆ ಮೊದಲು ಮಾತಾಡಬೇಕೆಂದರೆ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದಕ್ಕೂ ಕಾಸಿಲ್ಲ.