ಎರಡು ಆಂಟಿವೈರಸ್ ಇದ್ದರೂ ಕಾಟ ತಪ್ಪಿಲ್ಲ!

ಪ್ರಶ್ನೆ: ಸರ್, ವಿಂಡೋಸ್ 11 ಲ್ಯಾಪ್‌ಟಾಪ್‌ಗೆ ಎರಡು ಆಂಟಿವೈರಸ್ ಹಾಕಿಸಿದ್ದೇನೆ. ಆದರೂ ಬ್ರೌಸರ್ ಮುಖಪುಟ ತಾನಾಗಿಯೇ ಬದಲಾಗುತ್ತದೆ. ಇನ್ನೊಂದು ಆಂಟಿ-ಸ್ಪೈವೇರ್ ಬೇಕೇ?
– ಓದುಗರು, ಹಾಸನ

ಉತ್ತರ: ಬೇಡ. ಸದಾ ಕಾವಲಿಗೆ ಒಂದೇ ಸಾಕು. ಎರಡಿದ್ದರೆ ಪರಸ್ಪರ ಅಡ್ಡಿಯಾಗಿ ಲ್ಯಾಪ್‌ಟಾಪ್ ನಿಧಾನವಾಗುತ್ತದೆ. ವಿಂಡೋಸ್‌ನಲ್ಲೇ ಇರುವ ಡಿಫೆಂಡರ್ ಹುಟ್ಟಿದ್ದೇ ಆಂಟಿ-ಸ್ಪೈವೇರ್ ಆಗಿ. ಬೇರೆ ಆಂಟಿವೈರಸ್ ಬಂದರೆ ಅದು ಹಿಂದೆ ಸರಿಯುತ್ತದೆ. ಹಾಗಾಗಿ ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿ, ‘ವಿಂಡೋಸ್ ಸೆಕ್ಯುರಿಟಿ’ ತೆರೆದು ರಿಯಲ್-ಟೈಮ್ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ. ಅಲ್ಲೇ ‘ಪೊಟೆನ್ಷಿಯಲಿ ಅನ್‌ವಾಂಟೆಡ್ ಆ್ಯಪ್ ಬ್ಲಾಕಿಂಗ್’ ಕೂಡ ಆನ್ ಮಾಡಿ. ನಂತರ ಫುಲ್ ಸ್ಕ್ಯಾನ್ ನಡೆಸಿ.

ಮುಖಪುಟ ಬದಲಾಗುವುದು ಹೆಚ್ಚಾಗಿ ಎಕ್ಸ್‌ಟೆನ್ಷನ್‌ಗಳ ಕೈವಾಡ. ನೀವು ಹಾಕಿರದ ಎಕ್ಸ್‌ಟೆನ್ಷನ್ ಇದ್ದರೆ ತೆಗೆದುಹಾಕಿ.

ಹಿಂದೆ ವಿನ್‌ಪಟ್ರೋಲ್ ಎಂಬ ತಂತ್ರಾಂಶವಿತ್ತು. ಹೊಸ ಪ್ರೋಗ್ರಾಂ ಸ್ಟಾರ್ಟಪ್ ಪಟ್ಟಿಗೆ ನುಸುಳಿದರೆ ಅದರ ನಾಯಿ ಸ್ಕಾಟಿ ಬೊಗಳಿ ಎಚ್ಚರಿಸುತ್ತಿತ್ತು. ಆ ಪಟ್ಟಿಯನ್ನು ನೀವೇ ಆಗಾಗ ನೋಡಬಹುದು: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ‘ಸ್ಟಾರ್ಟಪ್ ಆ್ಯಪ್ಸ್’ಗೆ ಹೋಗಿ. ಅನುಮಾನ ಬಂದದ್ದರ ಹೆಸರನ್ನು ಗೂಗಲ್‌ನಲ್ಲಿ ಹುಡುಕಿ, ಬೇಡವಾದರೆ ಡಿಸೇಬಲ್ ಮಾಡಿ.

‘ವೈರಸ್ ಬಂದಿದೆ, ಈ ನಂಬರ್‌ಗೆ ಕರೆ ಮಾಡಿ’ ಎಂಬ ಪಾಪ್-ಅಪ್ ಬಂದರೆ ಖಂಡಿತ ಕರೆ ಮಾಡಬೇಡಿ. ಅಪ್ಪಿತಪ್ಪಿ ಹಣ ಕಳೆದುಕೊಂಡರೆ ತಡಮಾಡದೆ 1930 ಸೈಬರ್ ವಂಚನೆ ಸಹಾಯವಾಣಿಗೆ ದೂರು ಕೊಡಿ.