ಕುಲುಮೆಗೆ ಯಾವ ಯಂತ್ರ ತರೋಣ?

ಕಿಕ್ಕೇರಿ ಕೆ.ಆರ್. ಪೇಟೆ ತಾಲ್ಲೂಕಿನ ಊರು. ಸುತ್ತ ಭತ್ತ, ರಾಗಿ, ಕಬ್ಬು, ತೆಂಗು. ಕುಡುಗೋಲು, ಮಚ್ಚು, ಗುದ್ದಲಿ ಇಲ್ಲದೆ ಬೇಸಾಯ ಇಲ್ಲ. ಕುಲುಮೆ ಇಲ್ಲದೆ ಇವು ಯಾವುವೂ ಇಲ್ಲ.

ಕುಲುಮೆಯಲ್ಲಿ ಆಚಾರ್ರು ಇಕ್ಕಳ ಹಿಡಿದು ಕೂರುತ್ತಾರೆ. ತಿದಿ ಒತ್ತುವವರು ಯಾರು? ಸಮ್ಮಟಿ ಎತ್ತಿ ಹೊಡೆಯುವವರು ಯಾರು? ಎಷ್ಟೋ ಮನೆಗಳಲ್ಲಿ ನಾವೇ, ಹೆಂಗಸರು. ರಟ್ಟೆ ನೋವು ನಮಗೇ ಗೊತ್ತು. ಯಂತ್ರದ ಮಾತು ಬಂದಾಗ ನಾವೂ ಕೂತು ಮಾತಾಡೋಣ.

ಮೊದಲು ಬೇಕಾದ್ದು ಗಾಳಿ ಊದುವ ಬ್ಲೋವರ್. ಇದಕ್ಕೆ ಮನೆಯ ಕರೆಂಟೇ ಸಾಕು. 250 ವ್ಯಾಟಿನ ಬ್ಲೋವರ್ 4 ಗಂಟೆ ಓಡಿದರೆ 1 ಯೂನಿಟ್. ಗಾಳಿ ಹೆಚ್ಚು ಕಡಿಮೆ ಮಾಡುವ ಬಾಗಿಲು ಇರುವುದನ್ನೇ ಕೊಳ್ಳಿ. ಗಾಳಿ ಮಿತಿ ಮೀರಿದರೆ ಇದ್ದಲೂ ದಂಡ, ಕಬ್ಬಿಣವೂ ಸುಟ್ಟುಹೋಗುತ್ತೆ. ಹಳೇ ತಿದಿ ಮಾರಬೇಡಿ. ಕರೆಂಟು ಹೋದಾಗ ಅದೇ ಗತಿ.

ಆಮೇಲೆ ಸಾಣೆ ಯಂತ್ರ. ಕಲ್ಲಿನ ಮೇಲೆ ಮುಚ್ಚಳ ಇರಲೇಬೇಕು. ಕಣ್ಣಿಗೆ ಕನ್ನಡಕ ಹಾಕಿ.

ಇನ್ನು ಪವರ್ ಹ್ಯಾಮರ್. ಇದು ಸಮ್ಮಟಿಯ ಕೆಲಸ ಮಾಡುವ ಯಂತ್ರ. ಕಾಲಲ್ಲಿ ಒತ್ತಿದರೆ ಏಟು ಬೀಳುತ್ತೆ. ಲಾರಿಯ ಹಳೇ ಪಟ್ಟೆಯನ್ನು ಮಚ್ಚಿಗೆ ಬೇಕಾದಷ್ಟು ಬೇಗ ಎಳೆದು ಕೊಡುತ್ತೆ. ಆದರೆ ಕೊನೆಯ ಆಕಾರ ಕೈಸುತ್ತಿಗೆಯದೇ. ಹದ ಹಾಕುವುದು ಆಚಾರ್ರ ಕಣ್ಣಿನ ಕೆಲಸ. ಅದನ್ನು ಯಾವ ಯಂತ್ರವೂ ಕಲಿತಿಲ್ಲ.

"ಸಾಲ ಸಿಗ್ತದೆ, ತಂದುಬಿಡೋಣ ಕಣೆ" ಅಂತ ಯಜಮಾನರು ಹೇಳಬಹುದು. ತಡೀರಿ, ಲೆಕ್ಕ ಹಾಕೋಣ.

2 ಎಚ್.ಪಿ. ಮೋಟಾರು ಪೂರ್ತಿ ಕೆಲಸದಲ್ಲಿ ಗಂಟೆಗೆ 1.5 ಯೂನಿಟ್‌ಗಿಂತ ಹೆಚ್ಚು ಕರೆಂಟು ತಿನ್ನುತ್ತೆ. ಯಂತ್ರದ ಕೆಳಗೆ ಗಟ್ಟಿ ಕಾಂಕ್ರೀಟ್ ಪಾಯ ಬೇಕು. ಮನೆ ಗೋಡೆಗೆ ತಾಗಿ ಕೂರಿಸಿದರೆ ಗೋಡೆ ಬಿರುಕು ಬಿಟ್ಟೀತು. ಮಗು ಮಲಗುವ ಕೋಣೆ ಪಕ್ಕ ಅಂತೂ ಬೇಡವೇ ಬೇಡ. ಬೆಲ್ಟಿಗೆ ಜಾಲರಿ ಹಾಕಿಸಿ. ಸೆರಗು, ಜಡೆ ಬಿಗಿದು ಕಟ್ಟಿ.

ಪಿ.ಎಂ. ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. ಅದರ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ಉಪಕರಣಕ್ಕೆ 15,000 ರೂಪಾಯಿವರೆಗೆ ಸಹಾಯ ಉಂಟು. ಮೊದಲ ಸಾಲ 1 ಲಕ್ಷದವರೆಗೆ, ಬಡ್ಡಿ ಶೇಕಡಾ 5. ಒಂದು ಸಂಸಾರದಿಂದ ಒಬ್ಬರಿಗೆ ಮಾತ್ರ. ಆ ಒಬ್ಬರು ಗಂಡಸೇ ಆಗಬೇಕು ಅಂತ ಏನೂ ಇಲ್ಲ. ಕುಲುಮೆಯಲ್ಲಿ ದುಡಿಯುವ ಹೆಂಗಸೂ ಕಮ್ಮಾರಳೇ.

ಈ 1 ಲಕ್ಷವನ್ನು 18 ತಿಂಗಳಲ್ಲಿ ತೀರಿಸಬೇಕು. ತಿಂಗಳಿಗೆ ಅಸಲೇ 5,556 ರೂಪಾಯಿ ಆಯಿತು. ಬಡ್ಡಿ ಬೇರೆ. ಸುಗ್ಗಿಯಲ್ಲಿ ಕೆಲಸ ಮೈತುಂಬ. ಆಮೇಲಿನ ತಿಂಗಳು? ಕಂತು ಮಾತ್ರ ನಿಲ್ಲುವುದಿಲ್ಲ. ಆದ್ದರಿಂದ ಒಂದು ವರ್ಷ ನೋಟ್‌ಬುಕ್ಕಿನಲ್ಲಿ ಬರೆಯೋಣ: ಎಷ್ಟು ಮಚ್ಚು ಮಾಡಿದೆವು, ಎಷ್ಟು ಕುಡುಗೋಲು ತಟ್ಟಿದೆವು, ಇದ್ದಲಿಗೆ ಎಷ್ಟು ಹೋಯಿತು, ಕೈಗೆ ಎಷ್ಟು ಉಳಿಯಿತು. ಉಳಿದದ್ದು ಕಂತಿಗೆ ಸಾಲದಿದ್ದರೆ ಈಗ ಬ್ಲೋವರ್, ಸಾಣೆ ಸಾಕು.

ಅಂಗಡಿಗೆ ಹೋದಾಗ ಮೋಟಾರಿನ ಮೇಲಿನ ತಗಡು ನೋಡಿ. ಅಕ್ಷರ ಇಂಗ್ಲಿಷ್ ಇರಬಹುದು, ಅಂಕಿ ನಾವು ಓದಬಲ್ಲೆವು. 230 ವೋಲ್ಟ್ ಅಂತಿದ್ದರೆ ಅದು ಸಿಂಗಲ್ ಫೇಸ್. 415 ಅಂತಿದ್ದರೆ ತ್ರೀ ಫೇಸ್. ನಮ್ಮ ಮನೆಯ ಮೀಟರು ಯಾವುದು? ದುಡ್ಡು ಕೊಡುವ ಮೊದಲೇ ನೋಡಿಕೊಂಡು ಹೋಗಿ.